ಚೊಗರಿನ ಕುರ್ತಾ: ದಸರಾದಿಂದ ಆಷಾಢದವರೆಗೆ

ಈ ವರ್ಷ ಆಫೀಸಿಗೆ ಹಾಕುವ ಕುರ್ತಾಗಳನ್ನು ಅಂಗಡಿಯಿಂದ ತರುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ಬಿಳಿ ಖಾದಿ ತರುವುದು, ನಾನೇ ಬಣ್ಣ ಹಾಕುವುದು, ನಾನೇ ಹೊಲಿಯುವುದು. ಕೆಲಸ ಶಿವಮೊಗ್ಗದಲ್ಲಿ, ಲೆಕ್ಕಪತ್ರದ ವಿಭಾಗ. ಊರು ಸಾಗರದ ಹತ್ತಿರ, ಅಲ್ಲಿ ಅಪ್ಪಯ್ಯನ ಅಡಿಕೆ ತೋಟ. ಮಧ್ಯೆ ಸುಮಾರು 70 ಕಿಲೋಮೀಟರ್, ತಾಳಗುಪ್ಪ ರೈಲು. ಹಾಗಾಗಿ ಬಣ್ಣದ ಕೆಲಸ ರಜೆಯಲ್ಲಿ ಊರಲ್ಲಿ, ಹೊಲಿಗೆ ವಾರದ ದಿನಗಳ ರಾತ್ರಿ ಬಾಡಿಗೆ ಮನೆಯಲ್ಲಿ. ಇಲ್ಲಿವರೆಗೆ ಏನೇನಾಯ್ತು ಅಂತ ಬರೆದಿಡುತ್ತಿದ್ದೇನೆ.

ದಸರಾ ಮುಗಿದ ಮೇಲೆ

ಆಯುಧಪೂಜೆಗೆ ನಮ್ಮ ಆಫೀಸಲ್ಲಿ ಕಂಪ್ಯೂಟರಿಗೂ ಹೂವು, ಪ್ರಿಂಟರಿಗೂ ಹೂವು, ತಿಜೋರಿಗಂತೂ ದೊಡ್ಡ ಹಾರ. ವಿಜಯದಶಮಿ ಕಳೆದು ಬಂದರೆ ಅಷ್ಟೂ ಬಾಡಿ ಕಸದ ಬುಟ್ಟಿಗೆ ಹೋಗುತ್ತದೆ. ಈ ಸಲ ಅಟೆಂಡರ್ ಅಣ್ಣನಿಗೆ ಮೊದಲೇ ಹೇಳಿಟ್ಟಿದ್ದೆ. "ಬಾಡಿದ ಹೂವು ತಗೊಂಡು ಏನ್ ಮಾಡ್ತೀರಿ ಮೇಡಂ?" ಅಂತ ಕೇಳುತ್ತಲೇ ಚೀಲಕ್ಕೆ ತುಂಬಿಸಿ ಕೊಟ್ಟರು. ಅದೇ ಚೆಂಡು ಹೂವಿನಿಂದ ಮೊದಲ ಬಣ್ಣ, ಸಾಸಿವೆ ಹಳದಿ.

ದಾರ, ತೊಟ್ಟು ತೆಗೆದು ಎಸಳು ಬಿಡಿಸಿ ಪೇಪರ್ ಮೇಲೆ ನೆರಳಲ್ಲಿ ಹರವಿದೆ. ಚೆನ್ನಾಗಿ ಒಣಗಿದರೆ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಆಫೀಸಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಹೂವು ಸಿಕ್ಕ ದಿನವೇ ರಜೆ ಇರಬೇಕು ಅಂತಿಲ್ಲ.

ಹತ್ತಿ ಬಟ್ಟೆ ಸುಲಭಕ್ಕೆ ಬಣ್ಣ ಹಿಡಿಯುವುದಿಲ್ಲ. ರೇಷ್ಮೆ, ಉಣ್ಣೆಯ ಹಾಗಲ್ಲ ಅದು. ಮೊದಲು ಗಂಜಿ, ಜಿಡ್ಡು ಹೋಗುವಂತೆ ವಾಷಿಂಗ್ ಸೋಡಾ ಹಾಕಿ ಕುದಿಸಬೇಕು. ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಬಿಳಿ ಬಟ್ಟೆಯಲ್ಲಿ ಇಷ್ಟು ಕೊಳೆ ಎಲ್ಲಿತ್ತೋ ಅನ್ನಿಸುತ್ತದೆ. ಆಮೇಲೆ ಅಳಲೆಕಾಯಿ ಪುಡಿ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಬೇಕು. ಅಳಲೆಯ ಒಗರು ಹತ್ತಿಗೆ ಅಂಟುತ್ತದೆ, ಒಗರಿಗೆ ಪಟಿಕ ಅಂಟುತ್ತದೆ, ಪಟಿಕಕ್ಕೆ ಬಣ್ಣ ಅಂಟುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ನಾಲ್ಕನೇ ಒಗೆತಕ್ಕೆ ಬಟ್ಟೆ ಮತ್ತೆ ಬೆಳ್ಳಗೆ. ನನ್ನ ಅಳತೆ: ಎರಡೂವರೆ ಮೀಟರ್ ಖಾದಿ, ತೂಕ ಹತ್ತಿರ ಹತ್ತಿರ 400 ಗ್ರಾಂ. ಅದಕ್ಕೆ 60 ಗ್ರಾಂ ಪಟಿಕ, ಅಂದರೆ ಬಟ್ಟೆಯ ತೂಕದ ನೂರಕ್ಕೆ 15. ಗಡ್ಡ ಮಾಡಿದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. ಗಾಂಧಿ ಬಜಾರಿನ ಕಡೆ ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿಯೂ ಅದೂ ಒಟ್ಟಿಗೇ ಸಿಕ್ಕವು.

ಹೂವನ್ನು ಕೊತಕೊತ ಕುದಿಸಬಾರದು. ಸಣ್ಣ ಉರಿ ಸಾಕು, ಇಲ್ಲದಿದ್ದರೆ ಹಳದಿ ಮಂಕಾಗುತ್ತದೆ. ಒಣಗಿಸುವುದೂ ನೆರಳಲ್ಲೇ.

ಅಡಿಕೆ ಬೇಯಿಸುವ ಕಾಲ

ನಿಜವಾದ ಕೆಲಸ ಶುರುವಾಗಿದ್ದು ಇಲ್ಲಿಂದ. ಚೊಗರು ಗೊತ್ತಲ್ಲ? ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕಡುಗೆಂಪು ನೀರು ಅದು. ಅದೇ ನೀರಿಗೆ ಮತ್ತೆ ಮತ್ತೆ ಅಡಿಕೆ ಹಾಕಿ ಬೇಯಿಸುತ್ತ ಹೋದರೆ ಗಟ್ಟಿಯಾಗುತ್ತದೆ. ಕೆಂಪಡಿಕೆಗೆ ಹೊಳಪು ಬರುವುದು ಅದರಿಂದಲೇ. ಚಾಲಿ ಮಾಡುವವರ ಮನೆಯಲ್ಲಿ ಕೇಳಿದರೆ ಸಿಗುವುದಿಲ್ಲ. ಅವರದು ಹಣ್ಣಡಿಕೆ ಒಣಗಿಸಿ ಸುಲಿಯುವ ಪದ್ಧತಿ, ಬೇಯಿಸುವ ಮಾತೇ ಇಲ್ಲ.

ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುವುದು ನಾನು ಕಂಡುಹಿಡಿದ ವಿದ್ಯೆ ಏನಲ್ಲ. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಜೊತೆ ಸೇರಿ ಹೆಂಗಸರು ಕಟ್ಟಿದ 'ಚರಕ' ಸಂಘದವರು ವರ್ಷಗಳಿಂದ ಇದನ್ನು ಮಾಡುತ್ತ ಬಂದಿದ್ದಾರೆ. ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣ. ಕಾಲೇಜಿನಲ್ಲಿದ್ದಾಗ ಅಲ್ಲಿನ ಒಂದು ಜುಬ್ಬಾ ತಂದಿದ್ದೆ. ನಮ್ಮ ಮನೆಯ ಅಂಗಳದಲ್ಲಿ ಚೆಲ್ಲುವ ನೀರು ಇಷ್ಟು ಚೆಂದ ಕಾಣುತ್ತದಾ ಅಂತ ಆಗಲೇ ತಲೆಗೆ ಹೊಕ್ಕಿತ್ತು.

ಅಪ್ಪಯ್ಯ ಹಂಡೆಯ ಪಕ್ಕ ಕೂತು ಉರಿ ನೋಡುತ್ತಿದ್ದವರು ನಾನು ಬಟ್ಟೆ ತಂದಿದ್ದು ಕಂಡು ನಕ್ಕರು. "ಬಟ್ಟೆಗೆ ಚೊಗರು ತಾಗಿದ್ರೆ ಹೋಗಲ್ಲ ಅಂತ ಜೀವಮಾನ ಪೂರ್ತಿ ನಿಮ್ಮಮ್ಮನ ಹತ್ರ ಬೈಸ್ಕೊಂಡಿದೀನಿ. ನೀನು ಬೇಕು ಅಂತ್ಲೇ ಮುಳುಗಿಸ್ತೀಯಲ್ಲೇ!"

ಅಮ್ಮನಿಂದ ಬಂದ ಸಲಹೆ ಇನ್ನೂ ಉಪಯೋಗದ್ದು. "ಸ್ವಲ್ಪ ಸುಣ್ಣದ ತಿಳಿ ಹಾಕಿ ನೋಡು." ಎಲೆ ಅಡಿಕೆ ಹಾಕುವ ಬಾಯಿಗೆ ಗೊತ್ತಿರುವ ವಿಷಯ ಇದು. ಬರೀ ಅಡಿಕೆ ಅಗಿದರೆ ಅಷ್ಟು ಕೆಂಪಾಗುವುದಿಲ್ಲ, ಸುಣ್ಣ ಸೇರಿದ ಕೂಡಲೇ ಕೆಂಪು. ಬಣ್ಣದ ಪಾತ್ರೆಯಲ್ಲೂ ಅದೇ ಆಯಿತು. ಕಂದು ನೀರಿಗೆ ಎರಡು ಚಮಚ ತಿಳಿ ಬಿದ್ದ ಕಡೆಯಿಂದ ಕೆಂಪು ಹರಡಿಕೊಂಡು ಹೋಯಿತು, ಬಟ್ಟೆ ಇಟ್ಟಿಗೆ ಬಣ್ಣಕ್ಕೆ ಬಂತು. ಪಟಿಕ ಹಾಕಿದ ಬಟ್ಟೆ ಇನ್ನೂ ತಿಳಿಯಾಗಿ, ಹಾಲು ಜಾಸ್ತಿಯಾದ ಕಾಫಿಯ ಹಾಗೆ ಬಂತು.

ಬೂದು ಬಣ್ಣದ ಗುಟ್ಟು ಸಿಕ್ಕಿದ್ದು ಸುಲಿಯುವವರ ಕೈಯಲ್ಲಿ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಬೆರಳು ಸಂಜೆಗೆ ಕಪ್ಪಾಗಿರುತ್ತದೆ. ಅಡಿಕೆಯ ಒಗರು, ಕತ್ತಿಯ ಕಬ್ಬಿಣ, ಎರಡೂ ಸೇರಿದರೆ ಕಪ್ಪು. ಬಟ್ಟೆಗೂ ಅದೇ ಲೆಕ್ಕ. ಚೊಗರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಕರಗಿಸಿದ ನೀರಿಗೆ ಹಾಕಿದರೆ ಕಣ್ಣೆದುರೇ ಬೂದು ಬಣ್ಣಕ್ಕೆ ತಿರುಗುತ್ತದೆ. 400 ಗ್ರಾಂ ಬಟ್ಟೆಗೆ 8 ಗ್ರಾಂ ಸಾಕು. ಕಬ್ಬಿಣ ಜಾಸ್ತಿಯಾದರೆ ನೂಲು ಲಡ್ಡಾಗಿ ಕೆಲವು ವರ್ಷಕ್ಕೇ ಹರಿಯುತ್ತದೆ. ಕಲಂಕಾರಿಯವರು ಇದೇ ಕಪ್ಪನ್ನು ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಕೊಳೆಹಾಕಿ ತೆಗೆಯುತ್ತಾರೆ. ಬಾಡಿಗೆ ಮನೆಯಲ್ಲಿ ಆ ಮಡಕೆ ಇಟ್ಟರೆ ಓನರ್ ಆಂಟಿ ನನ್ನನ್ನೇ ಹೊರಗಿಡುತ್ತಾರೆ.

ಹೊರಡುವಾಗ ಉಳಿದ ಚೊಗರನ್ನು ಕುದಿಸಿ ಇಳಿಸಿ, ತಟ್ಟೆಯಲ್ಲಿ ಒಣಗಿಸಿ ಚೂರು ಮಾಡಿ ತಂದೆ. ನೀರಾಗಿಯೇ ಕ್ಯಾನಿನಲ್ಲಿ ಇಟ್ಟರೆ ಬೂಷ್ಟು ಬರುತ್ತದೆ.

ಆಫೀಸಿಗೆ ಹಾಕಿಕೊಂಡು ಹೋದ ಮೇಲೆ

ಬಣ್ಣ ಮಾಡುವುದು ಒಂದು ಮಜಾ, ಅದನ್ನು ಸೋಮವಾರ ಬೆಳಿಗ್ಗೆ ಹಾಕಿಕೊಂಡು ಹೋಗುವುದು ಬೇರೆಯೇ ಪರೀಕ್ಷೆ. ಕತ್ತಿನ ಹತ್ತಿರ ಚುಚ್ಚಬಾರದು, ಬಸ್ಸಿನ ಕಂಬಿ ಹಿಡಿದರೆ ಕಂಕುಳು ಬಿಗಿಯಬಾರದು, ಫೋನು ಇಡಲು ಜೇಬು ಬೇಕು. ಅಂಗಡಿಯ ಕುರ್ತಾಗಳ ಮೇಲೆ ನನ್ನ ಮುಖ್ಯ ಸಿಟ್ಟೇ ಜೇಬಿನದು. ಗಂಡಸರ ಶರಟಿಗೆ ಕೇಳದೆಯೇ ಜೇಬು ಇಡುತ್ತಾರೆ, ನಮಗೆ ಇಡಲು ಏನು ದಾಡಿ? ಪಕ್ಕದ ಹೊಲಿಗೆಯಲ್ಲೇ ಜೇಬು ಸೇರಿಸಿದರೆ ಫೋನಿನ ಭಾರಕ್ಕೆ ಆ ಕಡೆ ಜೋಲುತ್ತದೆ. ಜೇಬಿನ ಮೇಲಂಚಿನಿಂದ ಸೊಂಟದ ಹೊಲಿಗೆವರೆಗೆ ಒಂದು ಪಟ್ಟಿ ಎಳೆದು ಕೂಡಿಸಿದೆ. ಭಾರ ಈಗ ಸೊಂಟದ ಮೇಲೆ, ಪಕ್ಕ ನೆಟ್ಟಗಿದೆ.

ಒಂದು ಮಧ್ಯಾಹ್ನ ಬೂದು ಕುರ್ತಾದ ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಒಂದು ಹನಿ ಬಿತ್ತು. ತೊಳೆದು ಬರುವಷ್ಟರಲ್ಲಿ ಅಲ್ಲಿ ಬೆಳ್ಳನೆ ಮಚ್ಚೆ. ಕಬ್ಬಿಣದ ಬಣ್ಣಕ್ಕೆ ಹುಳಿ ಕಂಡರಾಗದು. ನಿಂಬೆ, ಹುಣಸೆ, ಅಪ್ಪೆಮಿಡಿ, ಯಾವ ಹುಳಿಯಾದರೂ ಸರಿ. ಆ ಜಾಗಕ್ಕೆ ಮತ್ತೆ ಚೊಗರು, ಅನ್ನಭೇದಿ ಹಚ್ಚಿ ಸರಿಮಾಡಬಹುದಿತ್ತು. ಅದರ ಬದಲು ಮಚ್ಚೆ ಮುಚ್ಚುವಂತೆ ಕಸೂತಿ ಹಾಕಿದೆ.

ಕಸೂತಿಗೆ ನೆನಪಾಗಿದ್ದು ನಮ್ಮ ಕಡೆಯ ಹಸೆ ಚಿತ್ತಾರ. ದೀವರು ಸಮುದಾಯದ ಹೆಂಗಸರು ಮದುವೆಗೆ ಗೋಡೆ ಮೇಲೆ ಬರೆಯುತ್ತಾರೆ. ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಅಷ್ಟೇ ಬಣ್ಣ. ಕುಂಚ ಪುಂಡಿ ನಾರಿನದು. ಅದರ ಆಕೃತಿಗಳನ್ನು ಎತ್ತಿಕೊಳ್ಳಲು ಮನಸ್ಸು ಬರಲಿಲ್ಲ. ಅವಕ್ಕೆ ಅವರ ಮನೆಯ ಅರ್ಥ ಇದೆ, ನನ್ನ ಕುರ್ತಾದ ಮೇಲೆ ಅದು ಬರೀ ಡಿಸೈನ್ ಆಗುತ್ತದೆ. ಬಣ್ಣದ ಲೆಕ್ಕ ಮಾತ್ರ ತಗೊಂಡೆ. ಈಗ ನನ್ನ ದಾರದ ಡಬ್ಬಿಯಲ್ಲಿ ಈ ನಾಲ್ಕು ಬಿಟ್ಟು ಬೇರೆ ಬಣ್ಣ ಇಲ್ಲ. ಮಚ್ಚೆ ಇದ್ದಲ್ಲಿ ಸಾಲು ಸಾಲಾಗಿ ನೇರ ಗೆರೆ, ಸಾದಾ ರನ್ನಿಂಗ್ ಸ್ಟಿಚ್. ಜನ ಅದನ್ನೇ ಮೊದಲು ನೋಡುತ್ತಾರೆ.

ಒಂದು ಲಾಭ ನಾನು ಯೋಚಿಸದೆ ಬಂತು. ಎಲ್ಲ ಒಂದೇ ಪಾತ್ರೆಯ ಬಣ್ಣಗಳಾದ್ದರಿಂದ ಯಾವ ಕುರ್ತಾಗೆ ಯಾವ ದುಪಟ್ಟಾ ಹಾಕಿದರೂ ಹೊಂದುತ್ತದೆ. ಬೆಳಿಗ್ಗೆ ಬೀರು ಮುಂದೆ ನಿಲ್ಲುವ ಕೆಲಸವೇ ಇಲ್ಲ. ಮೊದಲು ನೇರಳೆ, ಗಿಣಿಹಸಿರು ಎಲ್ಲ ಹಾಕುತ್ತಿದ್ದವಳು ಈಗ ಪೂರ್ತಿ ಕಂದು. ಪಕ್ಕದ ಟೇಬಲ್ಲಿನವರ ಮನೆಯಲ್ಲೂ ಅಡಿಕೆ. ದಿನಾ ಕೇಳುತ್ತಾರೆ: "ಇವತ್ತು ರಾಶಿನಾ, ಬೆಟ್ಟೆನಾ, ಗೊರಬಲಾ?" ಮಾರುಕಟ್ಟೆಯಲ್ಲಿ ಅಡಿಕೆಯ ಬಗೆಗಳಿಗೆ ಇರುವ ಹೆಸರು ಇವು. ಅವೇ ಗಟ್ಟಿಯಾದವು. ಇಟ್ಟಿಗೆ ಬಣ್ಣದ್ದು ರಾಶಿ, ಕಾಫಿ ಬಣ್ಣದ್ದು ಬೆಟ್ಟೆ, ಬೂದು ಬಣ್ಣದ್ದು ಗೊರಬಲು.

ಮಾರ್ಚ್

ಏನೂ ಇಲ್ಲ. ಲೆಕ್ಕಪತ್ರದವರಿಗೆ ಮಾರ್ಚಿನಲ್ಲಿ ಹವ್ಯಾಸ ಇರುವುದಿಲ್ಲ.

ಬೇಸಿಗೆ

ಚೊಗರಿನ ಬಟ್ಟೆ ಬಿಸಿಲಿಗೆ ಕಪ್ಪೇರುತ್ತದೆ, ಹೂವಿನ ಹಳದಿ ಬಿಸಿಲಿಗೆ ಮಾಸುತ್ತದೆ. ಹಾಗಾಗಿ ಊರಲ್ಲಿ ಅಡಿಕೆ ಒಣಗಿಸುವ ಅಟ್ಟ ಖಾಲಿಯಾದ ಮೇಲೆ ಅದರ ಮೇಲೆ ಚೊಗರಿನದು, ಕೆಳಗೆ ನೆರಳಲ್ಲಿ ಹೂವಿನದು. ಮಳೆಗಾಲಕ್ಕೆ ಬೇಕಾದ ಬಟ್ಟೆಗೆಲ್ಲ ಈಗಲೇ ಬಣ್ಣ ಹಾಕಿ ಮುಗಿಸಿದೆ.

ಚಿಕ್ಕಮ್ಮನ ಮನೆಯ ಮದುವೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಇನ್‌ಸ್ಟಾದಲ್ಲಿ ಪೇಜ್ ಮಾಡೇ, ಮಾರು." ಮಾರಬೇಕಾದರೆ ಇವತ್ತು ಬಂದ ಬಣ್ಣವೇ ನಾಳೆಯೂ ಬರಬೇಕು. ಮೊದಲ ಕೊಯ್ಲಿನ ಚೊಗರು ಒಂದು ತರ, ಕೊನೆಯದು ಇನ್ನೊಂದು ತರ, ಬಾವಿ ನೀರಿನಲ್ಲಿ ಒಂದು, ನಲ್ಲಿ ನೀರಿನಲ್ಲಿ ಇನ್ನೊಂದು. ಅದನ್ನು ಹತೋಟಿಗೆ ತಂದು ಸಂಬಳ ಕೊಟ್ಟು ನಡೆಸುವುದು ಪೂರ್ತಿ ಹೊತ್ತಿನ ಕೆಲಸ. ನನಗೆ ಆಗಲೇ ಒಂದು ಕೆಲಸ ಇದೆ, ಅದು ಬಾಡಿಗೆ ಕಟ್ಟುತ್ತದೆ. ಸಂಜೆ ಏಳರ ಮೇಲೆ ಗಿರಾಕಿಯ ಮೆಸೇಜು ನೋಡುತ್ತ ಕೂರುವುದಾದರೆ ಈ ಹೊಲಿಗೆ ಯಾಕೆ ಬೇಕಿತ್ತು? ಚಿಕ್ಕಮ್ಮನಿಗೆ ಒಂದು ಹಾಗೇ ಹೊಲಿದು ಕೊಡುತ್ತೇನೆ ಅಂದೆ. ಸುಮ್ನಾದರು.

ಈಗ

ಆಷಾಢದ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ, ಶಿವಮೊಗ್ಗಕ್ಕೆ ಅಷ್ಟಿಲ್ಲ. ಆದರೂ ಒದ್ದೆ ಬಟ್ಟೆ ಒಣಗದಂತೆ ಮಾಡಲು ಇಷ್ಟೇ ಮಳೆ ಸಾಕು. ಊರಲ್ಲಿ ಬಚ್ಚಲ ಒಲೆಯ ಮೇಲೆ ಗಳಕ್ಕೆ ಹಾಕಬಹುದು, ಆದರೆ ಆಮೇಲೆ ವಾರಗಟ್ಟಲೆ ಹೊಗೆಯ ವಾಸನೆ. ಹಾಗಾಗಿ ಬಣ್ಣ ಬಂದ್, ಹೊಲಿಗೆ ಮಾತ್ರ. ಕರೆಂಟ್ ಹೋದರೂ ತುಳಿಯುವ ಮಿಷನ್ ನಿಲ್ಲುವುದಿಲ್ಲ, ಎಮರ್ಜೆನ್ಸಿ ಲೈಟ್ ಇದ್ದರಾಯಿತು. ಅದಕ್ಕೇ ಅಮ್ಮನ ಹಳೇ ಮಿಷನ್ನಿಗೆ ಮೋಟರ್ ಹಾಕಿಸಿಲ್ಲ.

ಟೇಬಲ್ ಮೇಲೆ ಸದ್ಯ 'ರಾಶಿ' ಬಣ್ಣದ ಒಂದು ಕುರ್ತಾ ಇದೆ, ತೋಳು ಕೂಡಿಸಿಲ್ಲ. ಚಿಕ್ಕಮ್ಮನದು ಕತ್ತರಿಸಿಟ್ಟಿದ್ದೇನೆ, ಅವರಿಗೆ ಗೊರಬಲೇ ಬೇಕಂತೆ. ಊಟಕ್ಕೆ ಉಪ್ಪಿನಕಾಯಿ ಇಲ್ಲದೆ ಕೂರುವವರಲ್ಲ ಅವರು, ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದೇನೆ. ಚೌತಿಯ ಒಳಗೆ ಎರಡೂ ಮುಗಿಯಬೇಕು. ಈ ದಸರಾಕ್ಕೆ ಪಕ್ಕದ ಆಫೀಸಿನ ಹೂವನ್ನೂ ಈಗಲೇ ಹೇಳಿಟ್ಟಿದ್ದೇನೆ.