ಬೀಚೀ ಸ್ಕಾಲಾದ ಕಂಚಿನ ಹೋರಿ

ವಿಯೆನ್ನಾದ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ಹೋದವರಲ್ಲಿ ಹೆಚ್ಚಿನವರು ಹುಡುಕಿಕೊಂಡು ಹೋಗುವುದು ಡೈನೋಸಾರ್ ಮೂಳೆಗಳನ್ನು, ಇಲ್ಲವೇ ವಿಲೆಂಡಾರ್ಫ್‌ನ ವೀನಸ್ ಎಂಬ ಪುಟ್ಟ ಕಲ್ಲಿನ ಗೊಂಬೆಯನ್ನು. ಆ ಗೊಂಬೆಯ ಮುಂದೆ ಯಾವಾಗಲೂ ಜನ ಇರುತ್ತಾರೆ. ನಾನು ಹೋಗಿದ್ದು ಮಾತ್ರ ಅದೇ ಮ್ಯೂಸಿಯಂನ ಒಂದು ಹೋರಿಗಾಗಿ. ಅದೂ ಆ ಗೊಂಬೆಯಷ್ಟೇ ಎತ್ತರ, ಸುಮಾರು 11 ಸೆಂಟಿಮೀಟರ್. ಅದರ ಗಾಜಿನ ಪೆಟ್ಟಿಗೆಯ ಮುಂದೆ ಯಾರೂ ಇರಲಿಲ್ಲ. ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದಿತ್ತು, ನೋಡಿದೆ.

ಕಂಚಿನ ಹೋರಿ ಅದು. ಸಣ್ಣ ಕಾಲು, ಮೇಲೆದ್ದ ಕೊಂಬು, ಎರಡೂ ಬದಿಗೆ ಚಾಚಿದ ಕಿವಿ. ನಮ್ಮ ಹೋರಿಗಳಿಗಿರುವ ಹಿಣಿಲು ಇದಕ್ಕಿಲ್ಲ, ಯುರೋಪಿನ ದನಗಳಿಗೆ ಇರುವುದೂ ಇಲ್ಲ. ಕಣ್ಣಿನ ಜಾಗದಲ್ಲಿ ಈಗ ಬರೀ ಗುಳಿ. ಹತ್ತಿರ ಬಾಗಿ ನೋಡಿದರೆ ಹಣೆಯ ಮೇಲೆ ಒಂದು ತ್ರಿಕೋನ ಕಾಣುತ್ತದೆ. ಅದರ ಬಣ್ಣವೇ ಬೇರೆ, ತುಕ್ಕಿನ ಕಂದು. ಅದು ಕಬ್ಬಿಣ. ಬೆನ್ನಿನ ಮೇಲೂ ಹೆಗಲ ಮೇಲೂ ಹಾಗೆಯೇ ಕಬ್ಬಿಣದ ತುಂಡುಗಳಿವೆ. ಕಂಚಿನಲ್ಲಿ ತಗ್ಗು ಮಾಡಿ, ಅದರೊಳಗೆ ಕಬ್ಬಿಣ ಕೂರಿಸಿದ್ದಾರೆ. ಹೊಸದಾಗಿದ್ದಾಗ ಕಂಚು ಚಿನ್ನದಂತೆ ಹೊಳೆಯುತ್ತಿತ್ತು, ಕಬ್ಬಿಣ ಕಪ್ಪಗೆ ಕಾಣುತ್ತಿತ್ತು. ಇಂದು ನಾವು ಕಬ್ಬಿಣವನ್ನು ಗುಜರಿಗೆ ಹಾಕುತ್ತೇವೆ. ಆ ಕಮ್ಮಾರ ಅದನ್ನು ಹೋರಿಯ ಹಣೆಗೆ ಇಟ್ಟಿದ್ದಾನೆ. ನನ್ನ ಮಟ್ಟಿಗೆ ಇಡೀ ಮ್ಯೂಸಿಯಂನಲ್ಲಿ ಇದಕ್ಕಿಂತ ಚೆಂದದ ವಸ್ತು ಇಲ್ಲ.

ಇದನ್ನು ಮಾಡಿದವರು ಹಾಲ್‌ಸ್ಟಾಟ್ ಸಂಸ್ಕೃತಿಯ ಜನ. ಕ್ರಿ.ಪೂ. 800ರ ಆಸುಪಾಸಿನಿಂದ ಮೂರ್ನಾಲ್ಕು ಶತಮಾನ ಮಧ್ಯ ಯುರೋಪಿನಲ್ಲಿ ಬಾಳಿದವರು. ಬರವಣಿಗೆ ಬಿಟ್ಟು ಹೋಗಲಿಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಊರಿನ ಉಪ್ಪಿನ ಗಣಿಯ ಪಕ್ಕ ಇವರ ದೊಡ್ಡ ಸ್ಮಶಾನ ಸಿಕ್ಕಿತು. ಗಣಿಯ ಅಧಿಕಾರಿ ಯೋಹಾನ್ ಗಿಯೋರ್ಗ್ ರಾಮ್ಸಾವರ್ 1846ರಿಂದ 1863ರವರೆಗೆ ಅಲ್ಲಿ 980 ಸಮಾಧಿಗಳನ್ನು ಅಗೆಸಿದ. ಹಾಗಾಗಿ ಈ ಹೆಸರು. ಅಲ್ಲಿಂದ ಬಂದ ಒಂದು ಕಂಚಿನ ಪಾತ್ರೆಯೂ ಇದೇ ಮ್ಯೂಸಿಯಂನಲ್ಲಿದೆ. ಅದರ ಹಿಡಿಯೇ ಒಂದು ಹಸು, ಹಿಂದೆ ಅದರ ಕರು. ದನಕರುಗಳ ಜೊತೆ ಬದುಕಿದವರಿಗೆ ಮಾತ್ರ ಬರುವ ಕೈಚಳಕ ಅದು.

ಆದರೆ ಹೋರಿ ಸಿಕ್ಕಿದ್ದು ಹಾಲ್‌ಸ್ಟಾಟ್‌ನಲ್ಲಲ್ಲ, ಈಗಿನ ಜೆಕ್ ದೇಶದ ಮೊರಾವಿಯಾದಲ್ಲಿ, ಬೀಚೀ ಸ್ಕಾಲಾ ಎಂಬ ಗುಹೆಯೊಳಗೆ. ಅಲ್ಲಿಗೂ ಹೋಗಲೇಬೇಕಿತ್ತು. ವಿಯೆನ್ನಾದಿಂದ ಬ್ರನೋಗೆ ರೈಲಿನಲ್ಲಿ ಒಂದೂವರೆ ಗಂಟೆ. ಬ್ರನೋದಲ್ಲಿ ಕೆಲಸ ಮಾಡುವ ತಂಗಿ ಜೊತೆಯಾದಳು. ಅಲ್ಲಿಂದ ಲೋಕಲ್ ರೈಲು ಸ್ವಿತಾವಾ ನದಿಯ ಕಣಿವೆಯಲ್ಲಿ, ಸುರಂಗಗಳನ್ನು ದಾಟಿಕೊಂಡು ಆದಾಮೊವ್ ಎಂಬ ಸಣ್ಣ ಊರಿಗೆ ಬರುತ್ತದೆ. ಮುಂದಕ್ಕೆ ಕಾಡಿನ ನಡುವೆ ನಡಿಗೆ, ಪಕ್ಕದಲ್ಲೇ ಹಳ್ಳ.

ದಾರಿಯುದ್ದಕ್ಕೂ ತಂಗಿಗೆ ಕಥೆ ಹೇಳಿದೆ. ಯಿಂದ್ರಿಖ್ ವಾಂಕೆಲ್ ಎಂಬ ವೈದ್ಯ ಪಕ್ಕದ ಬ್ಲಾನ್ಸ್ಕೊದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಔಷಧಿ ಕೊಡುತ್ತಿದ್ದ. ಬಿಡುವು ಸಿಕ್ಕರೆ ಗುಹೆ ಅಗೆಯುವುದು ಅವನ ಹುಚ್ಚು. 1869ರಲ್ಲಿ ಬೀಚೀ ಸ್ಕಾಲಾ ಗುಹೆಯಲ್ಲಿ ಇಬ್ಬರು ಯುವಕರಿಗೆ ಒಂದು ಮಣ್ಣಿನ ಮಡಕೆ ಸಿಕ್ಕಿತು. ಅದರಲ್ಲಿ ಕರಕಲಾದ ಬರಗು, ಬರಗಿನ ನಡುವೆ ಈ ಹೋರಿ.

‘ಅಕ್ಕ, ಬರಗು ಅಂದ್ರೆ ನಮ್ಮ ಬರಗೇನಾ?’ ಅಂದಳು ತಂಗಿ. ಹೌದು, ಅದೇ ಧಾನ್ಯ. ಈಗ ಸಿರಿಧಾನ್ಯ ಅಂತ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರಲ್ಲ, ಅದು.

ಹೋರಿಯ ಹಣೆಯ ತ್ರಿಕೋನ ನೋಡಿ ವಾಂಕೆಲ್‌ಗೆ ಹಳೆಯ ಈಜಿಪ್ಟಿನವರು ದೇವರೆಂದು ಪೂಜಿಸುತ್ತಿದ್ದ ಏಪಿಸ್ ಹೋರಿ ನೆನಪಾಯಿತಂತೆ. 1872ರಲ್ಲಿ ಅವನು ಗುಹೆಯ ಮುಂಭಾಗದ ದೊಡ್ಡ ಅಂಗಳವನ್ನೇ ಅಗೆದ. ಸುಮಾರು 40 ಜನರ ಅಸ್ಥಿಪಂಜರಗಳು ಹೊರಬಂದವು. ಜೊತೆಗೆ ಬಂಡಿಯ ಚೂರುಗಳು, ಅಂಬರ್ ಎಂಬ ಕಲ್ಲಾದ ಮರದಂಟಿನ ಮಣಿ, ಒಡವೆ, ಸುಟ್ಟ ಕಾಳು. ಇನ್ನೊಂದು ಕಡೆ ಒಂದು ಕುಲುಮೆ, ಅಡಿಗಲ್ಲು, ಸುತ್ತಿಗೆ, ಇಕ್ಕಳ. ಯಾರೋ ಒಬ್ಬ ದೊರೆ ಸತ್ತಿದ್ದಾನೆ, ಅವನ ಜೊತೆ ಹೆಂಗಸರನ್ನು ಬಲಿ ಕೊಟ್ಟಿದ್ದಾರೆ ಎಂದು ವಾಂಕೆಲ್ ಬರೆದ. ಆ ಚಿತ್ರ ಜನರ ಮನಸ್ಸಿನಲ್ಲಿ ಹಾಗೇ ಉಳಿದುಬಿಟ್ಟಿತು. ಮುಂದೆ ತಲೆಬುರುಡೆಗಳನ್ನು ಮತ್ತೆ ಪರೀಕ್ಷಿಸಿದಾಗ ಗಂಡಸರೂ ಸಾಕಷ್ಟಿದ್ದರು ಎಂದು ಗೊತ್ತಾಯಿತು. ಕೆಲವರು ದಾಳಿ ಎಂದರು, ಕೆಲವರು ಅಪಘಾತ ಎಂದರು, ಇನ್ನು ಕೆಲವರು ಬಹಳ ಕಾಲ ಪೂಜೆ ನಡೆದ ಜಾಗ ಎಂದರು. ನನಗೆ ಕೊನೆಯದೇ ಹತ್ತಿರ ಅನಿಸುತ್ತದೆ. ಬರಗು ತುಂಬಿದ ಮಡಕೆಯೊಳಗೆ ಹೋರಿಯನ್ನು ಯಾರೂ ಸುಮ್ನೆ ಇಡುವುದಿಲ್ಲ, ಅಲ್ವಾ?

ಗುಹೆಯ ಬಾಗಿಲಿಗೆ ವರ್ಷದ ಹೆಚ್ಚಿನ ದಿನ ಬೀಗ. ಸಾರ್ವಜನಿಕರಿಗೆ ತೆರೆಯುವುದು ಕೆಲವೇ ದಿನ. ಅಂಥ ದಿನ ನೋಡಿಕೊಂಡೇ ಹೋಗಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ಚಳಿ. ಮುಂಭಾಗದ ಅಂಗಳ ದೊಡ್ಡ ಸಭಾಂಗಣದಷ್ಟಿದೆ. ಆದರೆ ಕಾಲ ಕೆಳಗೆ ಸಪಾಟು ಕಾಂಕ್ರೀಟು! ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಇಲ್ಲಿ ಭೂಗತ ಕಾರ್ಖಾನೆ ಮಾಡಲು ನೆಲ ಸಮ ಮಾಡಿ ಕಾಂಕ್ರೀಟು ಸುರಿದರು. ವಾಂಕೆಲ್ ಅಗೆಯದೆ ಬಿಟ್ಟದ್ದು ಏನಾದರೂ ಇದ್ದಿದ್ದರೆ ಅದೂ ಹೋಯಿತು. ಇದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ವಾಂಕೆಲ್‌ನ ಸಂಗ್ರಹವೂ ವಿಯೆನ್ನಾ ಸೇರಿತು. ಆಗ ವಿಯೆನ್ನಾದಂತೆ ಮೊರಾವಿಯಾ ಕೂಡ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು ಎನ್ನುವುದು ಸರಿ. ಆದರೂ ಹೋರಿ ವರ್ಷಕ್ಕೊಮ್ಮೆಯಾದರೂ ಈ ಕಣಿವೆಗೆ ಬಂದು ಹೋದರೆ ಎಷ್ಟು ಚೆನ್ನ.

ಗುಹೆಗೆ ಹತ್ತಿರದಲ್ಲೇ ಹಳೆಯ ಕಬ್ಬಿಣದ ಕುಲುಮೆಯೊಂದಿದೆ, ಕಲ್ಲಿನ ದೊಡ್ಡ ಕಟ್ಟಡ. ಇದ್ದಿಲು ಉರಿಸಿ ಅದಿರು ಕರಗಿಸುತ್ತಿದ್ದ ಕಾಲದ್ದು. ಈ ಸುಣ್ಣಕಲ್ಲಿನ ಬೆಟ್ಟಗಳಲ್ಲಿ, ರುದಿತ್ಸೆ ಎಂಬ ಹಳ್ಳಿಯ ಸುತ್ತ, ಕಬ್ಬಿಣದ ಅದಿರು ಇತ್ತು. ಕಾಡಿನಲ್ಲಿ ಕಟ್ಟಿಗೆ, ಹಳ್ಳದಲ್ಲಿ ನೀರು. ವಾಂಕೆಲ್‌ಗೆ ಸಂಬಳ ಬರುತ್ತಿದ್ದುದೂ ಇದೇ ಕಬ್ಬಿಣದಿಂದ. ಮಧ್ಯಾಹ್ನವಿಡೀ ನಾವು ಅಲ್ಲೇ ಸುತ್ತಾಡಿದೆವು.

ಹೋಗುವವರಿಗೆ ಒಂದು ಮಾತು. ಮೊದಲು ವಿಯೆನ್ನಾದಲ್ಲಿ ಹೋರಿಯನ್ನು ನೋಡಿ, ಆಮೇಲೆ ಆದಾಮೊವ್‌ಗೆ ಬನ್ನಿ. ಗುಹೆ ತೆರೆಯುವ ದಿನ ಖಚಿತ ಮಾಡಿಕೊಂಡೇ ಹೊರಡಿ. ಬೇಸಿಗೆಯಾದರೂ ಸ್ವೆಟರ್ ಬೇಕು.