ಈಸ್ಟರ್ ಕಾರ್ಡಿನ ಅಚ್ಚನ್ನು ನಾನೇ ಯಾಕೆ ಕೆತ್ತುತ್ತೇನೆ?

ಫೆಬ್ರವರಿ ಮುಗಿಯುತ್ತಾ ಬಂತು ಅಂದರೆ ನಮ್ಮ ಊಟದ ಮೇಜಿನ ಒಂದು ಮೂಲೆಯ ತುಂಬ ರಬ್ಬರಿನ ಚೂರುಗಳು. ಮನೆಗೆ ಬಂದವರು ಒಂದೆರಡು ಅಚ್ಚು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. "ಈಸ್ಟರ್ ಸ್ಟ್ಯಾಂಪು ಆನ್‌ಲೈನಲ್ಲಿ ರೆಡಿ ಸಿಗುತ್ತಲ್ಲ? ವಾಟ್ಸಾಪಲ್ಲಿ ಪುಕ್ಕಟೆ ಕಾರ್ಡೇ ಸಿಗುತ್ತೆ. ನೀವ್ಯಾಕೆ ಇಷ್ಟು ಕಷ್ಟಪಟ್ಟು ಕೆತ್ತುತ್ತೀರಿ?" ಮೇಲ್ಮನೆ ಆಂಟಿ ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ, ಚರ್ಚಿನಲ್ಲಿ ಪಕ್ಕದಲ್ಲಿ ಕೂರುವವರೂ ಕೇಳಿದ್ದಾರೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಮಾತಲ್ಲಿ ಹೇಳಬೇಕೆಂದರೆ, ಕನ್ನಡಕ್ಕೋಸ್ಕರ.

ರೆಡಿ ಸ್ಟ್ಯಾಂಪಿನ ಸೆಟ್ಟು ಒಂದನ್ನು ತೆರೆದು ನೋಡಿ. ಹ್ಯಾಪಿ ಈಸ್ಟರ್ ಅಂತ ಇಂಗ್ಲಿಷಿನಲ್ಲಿ ಐದಾರು ಬಗೆ ಇರುತ್ತದೆ. ಜೊತೆಗೆ ಮೊಲ, ಬುಟ್ಟಿ, ಡ್ಯಾಫೊಡಿಲ್ ಹೂವು. ನಾನು ಹುಡುಕಿದಷ್ಟರಲ್ಲಿ ಕನ್ನಡದ್ದು ಒಂದೂ ಸಿಕ್ಕಿಲ್ಲ. ನಮ್ಮ ಮನೆಯಲ್ಲಿ ಪ್ರಾರ್ಥನೆ ಕನ್ನಡ, ಚರ್ಚಿನಲ್ಲಿ ಬಲಿಪೂಜೆ ಕನ್ನಡ, ಜಗಳವೂ ಕನ್ನಡ. ವರ್ಷದ ದೊಡ್ಡ ಹಬ್ಬಕ್ಕೆ ಕಾರ್ಡು ಕೊಡುವಾಗ ಮಾತ್ರ ಇಂಗ್ಲಿಷ್ ಯಾಕೆ?

ಮೊದಲು ನಾನೂ ಕೆತ್ತುವ ಯೋಚನೆ ಮಾಡಿರಲಿಲ್ಲ. ಆಫೀಸಿನ ಸೀಲು ಮಾಡಿಕೊಡುವ ಒಂದು ರಬ್ಬರ್ ಸ್ಟ್ಯಾಂಪ್ ಅಂಗಡಿಗೆ ಹೋಗಿ, "ಪಾಸ್ಖ ಹಬ್ಬದ ಶುಭಾಶಯಗಳು" ಅಂತ ಬರೆದುಕೊಟ್ಟೆ. ಕ್ಯಾಥೊಲಿಕರಾದ ನಾವು ಈಸ್ಟರನ್ನು ಪಾಸ್ಖ ಅಂತಲೂ ಕರೆಯುತ್ತೇವೆ. ಎರಡು ದಿನ ಬಿಟ್ಟು ಸ್ಟ್ಯಾಂಪು ಕೈಗೆ ಬಂತು. ಅಲ್ಲೇ ಒಂದು ಕಾಗದದ ಮೇಲೆ ಒತ್ತಿ ನೋಡಿದರೆ ಒತ್ತಕ್ಷರಗಳೆಲ್ಲ ಬಿಚ್ಚಿಹೋಗಿದ್ದವು. "ಹಬ್ಬ" ಎನ್ನುವಲ್ಲಿ ಹ, ಆಮೇಲೆ ಅರ್ಧ ಬ, ಅದರ ಪಕ್ಕ ಇನ್ನೊಂದು ಇಡೀ ಬ ನಿಂತಿತ್ತು. ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಹಾಕಿದಾಗ ಹೀಗಾಗುವುದುಂಟು. ಕಂಪ್ಯೂಟರಿನಲ್ಲಿ ಕನ್ನಡ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಅಂಗಡಿಯವರು ಮಾತ್ರ "ಓದೋಕೆ ಬರುತ್ತಲ್ಲ ಸಾಕು" ಅಂದರು. ನನಗೆ ಬಹಳ ಬೇಜಾರಾಯಿತು. ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ದಾರಿಯಲ್ಲಿ ಸ್ಟೇಷನರಿ ಅಂಗಡಿಗೆ ಹೋಗಿ ಮಕ್ಕಳ ದೊಡ್ಡ ಬಿಳಿ ರಬ್ಬರ್ ಐದು, ಒಂದು ಪೇಪರ್ ಕಟರ್ ತೆಗೆದುಕೊಂಡು ಮನೆಗೆ ಬಂದೆ.

ಕೆತ್ತುವ ಕೆಲಸ ಕೇಳಿದಷ್ಟು ಕಷ್ಟವಲ್ಲ. ಅಕ್ಷರವನ್ನು ಉಲ್ಟಾ ಬರೆಯಬೇಕಲ್ಲ ಎಂದು ಎಲ್ಲರೂ ಹೆದರುತ್ತಾರೆ. ಬೇಕಾಗಿಲ್ಲ. ಬಟರ್ ಪೇಪರಿನ ಮೇಲೆ 4ಬಿ ಅಥವಾ 6ಬಿ ಎನ್ನುವ ಮೆತ್ತನೆಯ ಕಪ್ಪು ಪೆನ್ಸಿಲಿನಲ್ಲಿ ನೇರವಾಗಿಯೇ ಬರೆಯಿರಿ. ಆ ಕಾಗದವನ್ನು ಮುಖ ಕೆಳಗೆ ಮಾಡಿ ರಬ್ಬರಿನ ಮೇಲಿಟ್ಟು ಉಗುರಿನಿಂದ ಉಜ್ಜಿ. ಪೆನ್ಸಿಲಿನ ಗೆರೆ ತಾನಾಗಿ ತಿರುಗಿ ರಬ್ಬರಿಗೆ ಅಂಟಿಕೊಳ್ಳುತ್ತದೆ. ಅಚ್ಚು ಒತ್ತಿದಾಗ ಮತ್ತೆ ತಿರುಗಿ ನೇರವಾಗುತ್ತದೆ.

ಜಾಗದ ಲೆಕ್ಕ ಮಾತ್ರ ಮೊದಲೇ ಮಾಡಿಕೊಳ್ಳಬೇಕು. ಇಂಗ್ಲಿಷ್ ಅಕ್ಷರ ಒಂದು ಸಾಲಿನಲ್ಲಿ ಕೂರುತ್ತದೆ. ಕನ್ನಡಕ್ಕೆ ಕೆಳಗೆ ಒತ್ತಿಗೆ ಜಾಗ ಬೇಕು, ಮೇಲೆ ಗುಡಿಸಿಗೆ ಜಾಗ ಬೇಕು. ನಾನು ಅಕ್ಷರಕ್ಕೆ 8 ಮಿಲಿಮೀಟರ್, ಕೆಳಗೆ ಒತ್ತಿಗೆ 5 ಮಿಲಿಮೀಟರ್ ಬಿಡುತ್ತೇನೆ. ಇದಕ್ಕಿಂತ ಚಿಕ್ಕದಾದರೆ "ಪಾಸ್ಖ"ದ ಖ ಒತ್ತು ಇಂಕಿನಲ್ಲಿ ಮುಚ್ಚಿಹೋಗುತ್ತದೆ. ರಬ್ಬರಿನ ಮೇಲೆ ಒತ್ತು ಎಡಗಡೆಗೆ ಬಂದಿರುತ್ತದೆ. ಮೊದಲ ಸಲ ಅದು ತಪ್ಪೆಂದು ಅನ್ನಿಸಿ ನಾನು ಸರಿಯಾಗಿದ್ದುದನ್ನೇ ಕೆತ್ತಿ ತೆಗೆದುಬಿಟ್ಟಿದ್ದೆ. ಈಗ ಕೆತ್ತುವಾಗ ಪಕ್ಕದಲ್ಲಿ ಒಂದು ಚಿಕ್ಕ ಕನ್ನಡಿ ಇಟ್ಟುಕೊಳ್ಳುತ್ತೇನೆ. ಸಂಶಯ ಬಂದಾಗ ರಬ್ಬರನ್ನು ಕನ್ನಡಿಗೆ ತೋರಿಸಿದರೆ ಸಾಕು.

ಬ್ಲೇಡನ್ನು ನೆಟ್ಟಗೆ ಇಳಿಸಬಾರದು. ಗೆರೆಯಿಂದ ಹೊರಗಡೆಗೆ ಸ್ವಲ್ಪ ಓರೆಯಾಗಿ ಇಳಿಸಬೇಕು. ಆಗ ಅಕ್ಷರದ ಬುಡ ಅಗಲವಾಗಿ, ತುದಿ ತೆಳುವಾಗಿ ನಿಲ್ಲುತ್ತದೆ, ನಮ್ಮ ಕೆರೆಯ ಏರಿಯ ಥರ. ಬುಡವನ್ನು ಒಳಗೆ ಕೊರೆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ತಲೆಕಟ್ಟು ಕಿತ್ತು ಬರುತ್ತದೆ. ಇನ್ನೊಂದು ಮಾತು. ಕನ್ನಡ ಅಕ್ಷರ ದುಂಡಗಿರುವುದರಿಂದ ಕಟರನ್ನು ತಿರುಗಿಸಲು ಹೋಗಬಾರದು. ಕಟರ್ ಹಿಡಿದ ಕೈ ಅಲ್ಲೇ ಇರಲಿ. ಎಡಗೈಯಲ್ಲಿ ರಬ್ಬರನ್ನು ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ರಾಗಿಕಲ್ಲು ತಿರುಗಿದ ಹಾಗೆ ರಬ್ಬರು ತಿರುಗುತ್ತದೆ, ಗೆರೆ ತಾನೇ ದುಂಡಗಾಗುತ್ತದೆ. ಇದು ಕೈಗೆ ಹತ್ತಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ನಮ್ಮ ಅಕ್ಷರದ ದುಂಡು ಅಚ್ಚಿಗೆ ಹೇಳಿ ಮಾಡಿಸಿದ್ದು ಅನ್ನಿಸಿತ್ತು.

ಈ ಕೆಲಸ ಮಾಡುವಾಗ ನನಗೆ ಯಾವಾಗಲೂ 1843 ನೆನಪಾಗುತ್ತದೆ. ಆ ವರ್ಷ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎನ್ನುವವರು ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದರು. ಅದು ಕಲ್ಲಚ್ಚಿನಲ್ಲಿ, ಅಂದರೆ ನಯವಾದ ಕಲ್ಲಿನ ಮೇಲೆ ಬರೆದು ಮುದ್ರಿಸಿ, ಕೈಯಿಂದ ಬಣ್ಣ ತುಂಬಿದ ಕಾರ್ಡು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ "ಮಂಗಳೂರ ಸಮಾಚಾರ" ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ. ಅದೂ ಕಲ್ಲಚ್ಚೇ. ಅಂದರೆ ಕ್ರಿಸ್‌ಮಸ್ ಕಾರ್ಡು, ಕನ್ನಡ ಪತ್ರಿಕೆ ಎರಡೂ ಒಂದೇ ವರ್ಷದಲ್ಲಿ, ಒಂದೇ ಬಗೆಯ ಅಚ್ಚಿನಲ್ಲಿ ಹುಟ್ಟಿದವು. ನನ್ನ ಊಟದ ಮೇಜಿನ ಮೇಲೆ ಅವೆರಡೂ ಒಟ್ಟಿಗೆ ಕೂತಿವೆ ಅಂತ ನೆನೆದರೆ ಸಂತೋಷವಾಗುತ್ತದೆ.

ಅಕ್ಷರ ಆಯಿತು, ಇನ್ನು ಚಿತ್ರ. ನಿಮ್ಮ ಕಾರ್ಡಿನಲ್ಲಿ ಮೊಲ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಮೊಲದ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಜರ್ಮನ್ ನಾಡಿನ ಕಥೆ, 1682ರಷ್ಟು ಹಿಂದೆಯೇ ಅಲ್ಲಿನ ಬರಹದಲ್ಲಿ ಮೊಟ್ಟೆ ತರುವ ಈಸ್ಟರ್ ಮೊಲ ಬಂದಿದೆ. ಆದರೆ ಬೆಂಗಳೂರಿನ ನಮ್ಮ ಚಾಮರಾಜಪೇಟೆಯಲ್ಲಿ ಪಾಸ್ಖ ಬಂತು ಅಂತ ಹೇಳುವುದು ಹೊಂಗೆ ಮರ. ಒಣಗಿದ ಎಲೆಯೆಲ್ಲ ಉದುರಿ, ಒಂದು ವಾರದೊಳಗೆ ಮರ ತುಂಬಾ ಹೊಳೆಯುವ ಎಳೆ ಹಸಿರು. ಬೀದಿಯೆಲ್ಲ ತಂಪು. ಸತ್ತ ಹಾಗಿದ್ದದ್ದು ಎದ್ದು ಬರುವುದು ಅಂದರೆ ಇದೇ ಅಲ್ವಾ? ಅದಕ್ಕೇ ಐದು ಎಲೆಯ ಹೊಂಗೆ ಕಡ್ಡಿಯೇ ನನ್ನ ಮುಖ್ಯ ಚಿತ್ರ.

ಯುಗಾದಿಗೂ ಇದೇ ಚಿಗುರು. ಯುಗಾದಿ ಅಮಾವಾಸ್ಯೆ ಕಳೆದು ಬರುತ್ತದೆ. ಈಸ್ಟರಿಗೆ ಹುಣ್ಣಿಮೆ ಕಳೆಯಬೇಕು. ಮಾರ್ಚ್ 21 ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ, ಅದರ ನಂತರದ ಭಾನುವಾರ. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ. 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5. ಕಾರ್ಡು ಮಾಡುವವರು ಜನವರಿಯಲ್ಲೇ ಕ್ಯಾಲೆಂಡರ್ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಚಿತ್ರ ಪಾಸ್ಖ ಮೇಣದ ಬತ್ತಿ. ಹಬ್ಬದ ಹಿಂದಿನ ಶನಿವಾರ ರಾತ್ರಿ ಚರ್ಚಿನ ಹೊರಗೆ ಹೊಸ ಬೆಂಕಿ ಹಾಕುತ್ತಾರೆ. ಗುರುಗಳು ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆ ಕೊರೆಯುತ್ತಾರೆ. ಮೇಲೆ ಗ್ರೀಕಿನ ಮೊದಲ ಅಕ್ಷರ ಆಲ್ಫಾ, ಕೆಳಗೆ ಕೊನೆಯ ಅಕ್ಷರ ಒಮೆಗಾ, ಶಿಲುಬೆಯ ನಾಲ್ಕು ಮೂಲೆಯಲ್ಲಿ ಆ ವರ್ಷದ ನಾಲ್ಕು ಅಂಕಿ. ನನ್ನ ಬತ್ತಿಯಲ್ಲಿ ಅಂಕಿಯೂ ಕನ್ನಡದ್ದೇ, ೨೦೨೬. ಅಂಕಿಗಳನ್ನು ಬೇರೆ ಬೇರೆ ತುಂಡಿನಲ್ಲಿ ಕೆತ್ತಿಕೊಂಡಿದ್ದೇನೆ. ಮೊದಲ ಮೂರು ಅಂಕಿ 2029ರವರೆಗೂ ನಡೆಯುತ್ತವೆ, ವರ್ಷಕ್ಕೆ ಒಂದು ಅಂಕಿ ಹೊಸದಾಗಿ ಕೆತ್ತಿದರೆ ಆಯಿತು.

ಕಾಗದ, ಇಂಕಿನ ಬಗ್ಗೆಯೂ ಕೇಳುತ್ತಿರುತ್ತಾರೆ, ಬೇಗ ಹೇಳಿಬಿಡುತ್ತೇನೆ. ಕಾಗದಕ್ಕೆ ನಾನು ಸುಲ್ತಾನ್‌ಪೇಟೆಗೆ ಹೋಗುತ್ತೇನೆ, ಅವೆನ್ಯೂ ರೋಡಿನಲ್ಲೂ ಸಿಗುತ್ತದೆ. 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಕಾರ್ಡ್ ಶೀಟು, ಮುಟ್ಟಿದರೆ ಸ್ವಲ್ಪ ತರಿಯಾಗಿರಬೇಕು. ಹೊಳಪಿನದ್ದು ಬೇಡ. ಮದುವೆ ಕಾರ್ಡಿನ ಹೊಳೆಯುವ ಶೀಟು ನೋಡೋಕೆ ಚೆಂದ, ಆದರೆ ಇಂಕು ಒಣಗದೆ ಮಾರನೇ ದಿನವೂ ಬೆರಳಿಗೆ ಹತ್ತುತ್ತದೆ. ಎ4 ಶೀಟನ್ನು ಅರ್ಧ ಕತ್ತರಿಸಿ ಮಡಿಸಿದರೆ ಒಂದು ಕಾರ್ಡು. ತೂಕ ಸುಮಾರು 8 ಗ್ರಾಂ. ಕವರ್ ಸೇರಿಸಿದರೂ 20 ಗ್ರಾಂ ದಾಟುವುದಿಲ್ಲ, ಅಂಚೆಯಲ್ಲಿ ಕಾಗದದ ಮೊದಲ ದರವೇ ಸಾಕು. ಮಡಿಸುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮಡಿಕೆ ನೀಟಾಗಿ ಕೂರುತ್ತದೆ.

ಆಫೀಸಿನ ನೇರಳೆ ಇಂಕ್ ಪ್ಯಾಡು ಈ ಕೆಲಸಕ್ಕೆ ಬರುವುದಿಲ್ಲ. ಪ್ಯಾಡಿನಲ್ಲಿ ಒಣಗದಿರಲಿ ಅಂತಲೇ ಮಾಡಿದ ಇಂಕು ಅದು, ಕಾಗದದಲ್ಲಿ ಹರಡಿಕೊಳ್ಳುತ್ತದೆ. ಕ್ರಾಫ್ಟ್ ಅಂಗಡಿಯ ಪಿಗ್ಮೆಂಟ್ ಇಂಕು ತೆಗೆದುಕೊಳ್ಳಿ. ಅದು ಕಾಗದದ ಮೇಲೆಯೇ ನಿಲ್ಲುತ್ತದೆ, ಗೆರೆ ಚೂಪಾಗಿ ಬರುತ್ತದೆ. ಒಣಗಲು ಹೊತ್ತು ಜಾಸ್ತಿ, ರಾತ್ರಿ ಒತ್ತಿ ಬೆಳಿಗ್ಗೆ ಮುಟ್ಟಿ. ಅಚ್ಚನ್ನು ಪ್ಯಾಡಿಗೆ ಗುದ್ದಬೇಡಿ, ಅಚ್ಚನ್ನು ಮೇಲ್ಮುಖವಾಗಿ ಹಿಡಿದು ಪ್ಯಾಡಿನಿಂದ ಮೆಲ್ಲಗೆ ತಟ್ಟಿ. ಕಾರ್ಡಿನ ಕೆಳಗೆ ನಾಲ್ಕು ಪದರ ನ್ಯೂಸ್ ಪೇಪರ್ ಇರಲಿ. ಒತ್ತಿ, ಮೂರು ಎಣಿಸಿ, ನೇರವಾಗಿ ಮೇಲಕ್ಕೆತ್ತಿ. ಚೆನ್ನಾಗಿ ಬರಲಿ ಅಂತ ಆಚೀಚೆ ಅಲ್ಲಾಡಿಸಿದರೆ ಅಂಚೆಲ್ಲ ಮಸಿ.

ಅಚ್ಚುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಲೇಬೇಡಿ. ಎರಡನೇ ವರ್ಷ ನಾನು ಹಾಗೆ ಇಟ್ಟಿದ್ದೆ. ಮುಂದಿನ ಫೆಬ್ರವರಿಯಲ್ಲಿ ತೆರೆದರೆ ಹೊಂಗೆ ಎಲೆಯ ಅಚ್ಚು ಡಬ್ಬಿಯ ತಳಕ್ಕೆ ಕರಗಿ ಅಂಟಿಕೊಂಡಿತ್ತು, ಬಿಡಿಸಲು ಹೋದರೆ ಎರಡು ಎಲೆ ಕಿತ್ತು ಬಂದವು. ಈಗಿನ ಬಿಳಿ ರಬ್ಬರುಗಳಲ್ಲಿ ಹೆಚ್ಚಿನವು ಪಿವಿಸಿ ಎನ್ನುವ ಪ್ಲಾಸ್ಟಿಕ್. ಮೆತ್ತಗಿರಲೆಂದು ಅದರಲ್ಲಿ ಸೇರಿಸುವ ಪ್ಲಾಸ್ಟಿಸೈಸರ್ ನಿಧಾನಕ್ಕೆ ಹೊರಬಂದು ಬೇರೆ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹೊಸ ರಬ್ಬರಿಗೆ ಕಾಗದದ ಕವಚ ಇರುತ್ತಲ್ಲ, ಅದು ಸುಮ್ನೆ ಅಲ್ಲ. ಈಗ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಡುತ್ತೇನೆ.

ಕಷ್ಟಪಟ್ಟು ಅಂದಿರಲ್ಲ, ಅದಕ್ಕೂ ಉತ್ತರ ಕೊಡಬೇಕು. ಬೂದಿ ಬುಧವಾರದಿಂದ ಪಾಸ್ಖದವರೆಗೆ ನಮಗೆ ತಪಸ್ಸುಕಾಲ. ಭಾನುವಾರಗಳನ್ನು ಬಿಟ್ಟು 40 ದಿನ. ಆ ದಿನಗಳಲ್ಲಿ ಪೂಜೆಯಲ್ಲಿ "ಅಲ್ಲೆಲೂಯ" ಹಾಡುವುದಿಲ್ಲ. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯಲ್ಲಿ ಅದು ಮತ್ತೆ ಕೇಳಿಸುತ್ತದೆ. ಚಿಕ್ಕಂದಿನಿಂದಲೂ ಆ ಕ್ಷಣಕ್ಕೆ ನನಗೆ ಮೈ ಜುಮ್ಮೆನ್ನುತ್ತದೆ. ನಾನು ತಪಸ್ಸುಕಾಲದಲ್ಲಿ ಕೆತ್ತುವ ಕೊನೆಯ ಅಚ್ಚು ಆ ಒಂದು ಪದ. ಅ, ಲ್ಲೆ, ಲೂ, ಯ. ನೇರ ಗೆರೆಯೇ ಇಲ್ಲದ ಪದ, ಎಲ್ಲ ಸುರುಳಿ. ಬಾಯಲ್ಲಿ ಹೇಳದ ಪದವನ್ನು ಕೈ ದಿನಕ್ಕೊಂದಿಷ್ಟು ಕೆತ್ತುತ್ತಾ ಇರುತ್ತದೆ, ಅದೂ ತಿರುಗುಮುರುಗಾಗಿ. ಕೆಲಸ ಮುಗಿದ ಮೇಲೂ ಕಾಗದಕ್ಕೆ ಒತ್ತಿ ಪ್ರೂಫ್ ತೆಗೆಯುವುದಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡಿ ಎತ್ತಿಡುತ್ತೇನೆ.

ಊರಿಗೆ ಹೋಗುವ ಕಾರ್ಡುಗಳನ್ನು ಹಬ್ಬದ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರದ ಮಾರನೇ ದಿನ ಅಂಚೆಗೆ ಹಾಕುತ್ತೇನೆ. ಅದರಲ್ಲಿ ಹೊಂಗೆ, ಬತ್ತಿ, ಶುಭಾಶಯ ಇರುತ್ತದೆ, ಅಲ್ಲೆಲೂಯ ಇರುವುದಿಲ್ಲ. ಹಾಸನದ ಚಿಕ್ಕಮ್ಮನಿಗೆ ಇದು ಗೊತ್ತು. ಹಬ್ಬದ ಬೆಳಿಗ್ಗೆ ಕಾರ್ಡಿನ ಖಾಲಿ ಜಾಗದಲ್ಲಿ ಅವರೇ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರಂತೆ, ಫೋನಿನಲ್ಲಿ ಹೇಳಿದರು. ಬೀದಿಯವರಿಗೆ, ಚರ್ಚಿನವರಿಗೆ ಕೈಯಲ್ಲೇ ಕೊಡುವ ಮೂವತ್ತು ನಲವತ್ತು ಕಾರ್ಡು ಮನೆಯಲ್ಲೇ ಕಾಯುತ್ತಿರುತ್ತವೆ. ಶನಿವಾರ ಜಾಗರಣೆ ಮುಗಿಸಿ ಮನೆಗೆ ಬಂದಾಗ ಮಧ್ಯರಾತ್ರಿ ದಾಟಿರುತ್ತದೆ. ಕಾಫಿ ಇಟ್ಟು, ತಗಡಿನ ಡಬ್ಬದಿಂದ ಆ ಅಚ್ಚು ತೆಗೆಯುತ್ತೇನೆ. ಈ ಕೊನೆಯ ಕೆಲಸಕ್ಕೆ ಮಾತ್ರ ಬೇಗ ಒಣಗುವ ಡೈ ಇಂಕು. ಒಂದೊಂದು ಕಾರ್ಡಿಗೂ ಅದು ಯಾರಿಗೆ ಅಂತ ಹೆಸರು ಹೇಳಿಕೊಂಡು ಒತ್ತುತ್ತೇನೆ.

ಹೋದ ವರ್ಷ ಭಾನುವಾರ ಬೆಳಿಗ್ಗೆ ಮೇಲ್ಮನೆಗೆ ಕಾರ್ಡು ಕೊಡಲು ಹೋದಾಗ ಆಂಟಿ ಸ್ನಾನಕ್ಕೆ ಹೋಗಿದ್ದರು. ಅವರ ಅತ್ತೆ ಬಾಗಿಲು ತೆಗೆದರು, ಎಂಬತ್ತು ದಾಟಿದ ಅಜ್ಜಿ. ಕ್ರಿಸ್‌ಮಸ್ಸಿಗೆ ಯಾರೋ ಕೊಟ್ಟ ಇಂಗ್ಲಿಷ್ ಕಾರ್ಡು ಅವರ ಟಿವಿ ಮೇಲೆ ಹಾಗೇ ನಿಂತಿತ್ತು. ಅಜ್ಜಿ ನನ್ನ ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು, ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಪಾ, ಸ್ಖ, ಹಬ್ಬದ. ಆಮೇಲೆ ಕೆಳಗಿನ ಪದ. ಅ, ಲ್ಲೆ, ಲೂ, ಯ.

"ಹಂಗಂದ್ರೇನವ್ವಾ?" ಅಂದರು.

"ದೇವರಿಗೆ ಸ್ತೋತ್ರ ಅಂತ ಅಜ್ಜಿ."

"ಹೂಂ. ಈ ಎಲೆ ಹೊಂಗೆದು ತಾನೇ?" ಅಂತ ಕೇಳಿ, ಇಂಕು ಇನ್ನೂ ಹಸಿ ಇದೆಯೇನೋ ಅಂತ ಬೆರಳಿನ ತುದಿಯಿಂದ ಮುಟ್ಟಿ ನೋಡಿದರು.