ರಷ್ಯಾದ ಹಳ್ಳೀಲಿ ಟ್ಯಾಕ್ಸಿ ನಂಬಬಹುದಾ ಅಂತ ಕೇಳುವವರಿಗೆ

ರಷ್ಯಾದ ತ್ವೇರ್ ನಗರದಲ್ಲಿ ಎಂಬಿಬಿಎಸ್ ಮುಗಿಸಿ ಬಂದ ಮೇಲೆ ಮದುವೆ ಮನೆಯಲ್ಲೂ ಇದೇ ಪ್ರಶ್ನೆ, ವಾಟ್ಸಾಪ್‌ನಲ್ಲೂ ಇದೇ. "ರಷ್ಯಾದ ಹಳ್ಳಿ ಕಡೆ ಟ್ಯಾಕ್ಸಿ ನಂಬಬಹುದಾ? ಭಾಷೆ ಬರದೋರನ್ನ ಸುಲಿಯಲ್ವಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ನಂಬಬಹುದು. ಆಯ್ತಾ?

ಊಬರ್ ಮರೆತುಬಿಡಿ. ಅಲ್ಲಿ ಅದರ ವ್ಯವಹಾರ 2018ರಲ್ಲೇ ಅಲ್ಲಿನದೇ ಕಂಪನಿ ಯಾಂಡೆಕ್ಸ್ ಜೊತೆ ಸೇರಿಹೋಯಿತು. ಯಾಂಡೆಕ್ಸ್ ಆ್ಯಪ್ ದೊಡ್ಡ ಊರುಗಳಲ್ಲಿ ಚೆನ್ನಾಗಿದೆ. ಹಳ್ಳಿ ದಾರಿ ಹಿಡಿದರೆ ಕಾರು ಹುಡುಕುತ್ತಾ ಕೂರುತ್ತದೆ, ಅಷ್ಟೇ. 2025ರಿಂದ ಡ್ರೋನ್ ಭಯಕ್ಕೆ ಎಷ್ಟೋ ಕಡೆ ಮೊಬೈಲ್ ಇಂಟರ್ನೆಟ್ಟನ್ನೇ ಆಗಾಗ ನಿಲ್ಲಿಸುತ್ತಾರೆ. ಹಾಗಾಗಿ ಆ ಊರಿನ ಟ್ಯಾಕ್ಸಿಯವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನ್ ಎತ್ತಿದಾಕೆ ಕಾರಿನ ಬಣ್ಣ, ಹೆಸರು, ನಂಬರ್ ಪ್ಲೇಟಿನ ಮೂರು ಅಂಕಿ ಹೇಳಿ ಟಪ್ ಅಂತ ಇಟ್ಟುಬಿಡುತ್ತಾಳೆ. ಅಷ್ಟು ರಷ್ಯನ್ ಕಲಿತರೆ ಸಾಕು. ಜೇಬಿನಲ್ಲಿ ನೋಟು ಇರಲಿ. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯಲ್ಲ. ಇಳಿಯುವಾಗ ಬಾಗಿಲು ಮೆಲ್ಲಗೆ ಹಾಕಿ. ದಡಾರ್ ಅನ್ನಿಸಿದರೆ ಬೈಗುಳ ಗ್ಯಾರಂಟಿ.

ಈಗ ಸುಲಿಗೆ ವಿಷಯ. ವೋಲ್ಗಾ ನದಿ ಹುಟ್ಟುವುದು ತ್ವೇರ್ ಪ್ರಾಂತ್ಯದ ವೋಲ್ಗೊವೆರ್ಖೋವ್ಯೆ ಅನ್ನೋ ಪುಟ್ಟ ಹಳ್ಳಿಯಲ್ಲಿ. ಸೆಲಿಗರ್ ಸರೋವರದ ದಡದ ಒಸ್ತಾಷ್ಕೊವ್ ಪಟ್ಟಣದಿಂದ ಸುಮಾರು 70 ಕಿಲೋಮೀಟರ್. ಅದನ್ನು ನೋಡೋಣ ಅಂತ ಒಸ್ತಾಷ್ಕೊವ್‌ಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಎದುರು ನಿಂತಿದ್ದ ರೆನೋ ಲೋಗಾನ್‌ನವನು ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ರೇಟ್ ಒತ್ತಿ ತೋರಿಸಿದ. ನಾನು ಕಡಿಮೆ ಒತ್ತಿದೆ. ಆಗ ನನ್ನ ರಷ್ಯನ್ ಅಷ್ಟಕ್ಕಷ್ಟೆ. ಅವನು ಹೋಗೋದು, ಕಾಯೋದು, ಬರೋದು ಎಲ್ಲವನ್ನೂ ಕೈಯಲ್ಲೇ ಅಭಿನಯಿಸಿದ. ನಾನು ಅಲ್ಲೇ ಉಳಿದರೂ ಅವನು ಖಾಲಿ ವಾಪಸ್ ಬರಬೇಕಲ್ಲ! ಮೆಜೆಸ್ಟಿಕ್‌ನ ಆಟೋದವರು ಹೇಳೋದೂ ಇದೇ ಅಲ್ವಾ? ವ್ಯತ್ಯಾಸ ಏನಂದರೆ, ಇವನು ಹೇಳಿದ್ದು ನಿಜ. ಆ ಕಾಡಿನ ದಾರಿಯಲ್ಲಿ ವಾಪಸ್ ಬಾಡಿಗೆ ಯಾರು ಕೊಡುತ್ತಾರೆ?

ಡ್ಯಾಶ್‌ಬೋರ್ಡ್ ಮೇಲೆ ಮೂರು ಪುಟ್ಟ ಪಟಗಳು ಅಂಟಿಸಿದ್ದವು: ಕ್ರಿಸ್ತ, ಮೇರಿ ಮಾತೆ, ದಾರಿಹೋಕರನ್ನು ಕಾಯುವ ಸಂತ ನಿಕೋಲಾಯ್. ಅಲ್ಲಿ ಎಷ್ಟೋ ಕಾರುಗಳಲ್ಲಿ ಇವು ಇರುತ್ತವೆ. ಸೀಟ್ ಬೆಲ್ಟ್‌ನ ಭಾರವನ್ನೂ ಅವನು ಅವರ ಮೇಲೇ ಹಾಕಿದ್ದ.

ವೋಲ್ಗಾ ನೋಡಿದೆ. ಮರದ ಗುಡಿಯೊಳಗೆ ಒಂದು ಊಟೆ. ಆಚೆ ಒಂದು ಹೆಜ್ಜೆಯಲ್ಲಿ ದಾಟಬಹುದಾದ ತೊರೆ. ಇದೇ ಮುಂದೆ 3,500 ಕಿಲೋಮೀಟರ್ ಹರಿದು ಕ್ಯಾಸ್ಪಿಯನ್ ಸೇರುತ್ತದಂತೆ.

ಬರುವಾಗ ಅವನು ನನ್ನನ್ನು ಒಂದು ಮಾತೂ ಕೇಳದೆ ಬ್ರೇಕ್ ಹಾಕಿದ. ರಬ್ಬರ್ ಬೂಟು ಹಾಕಿದ ಒಬ್ಬ ಅಜ್ಜಿ ಹಿಂದೆ ಹತ್ತಿದರು. ತೊಡೆ ಮೇಲೆ ಬಕೆಟ್, ಅದರ ಬಾಯಿಗೆ ತಲೆವಸ್ತ್ರ ಕಟ್ಟಿತ್ತು. ಒಳಗೆ ಬ್ರುಸ್ನಿಕ, ಹುಳಿ ಕಾಡುಹಣ್ಣು. ಅಜ್ಜಿಯ ಮಾತಲ್ಲಿ "ಪಾಲಿಕ್ಲಿನಿಕ್", ಅಂದರೆ ಆಸ್ಪತ್ರೆ, ಅನ್ನೋದು ನನಗೂ ಗೊತ್ತಾಯಿತು. ಹಣ್ಣು ಡಾಕ್ಟರಿಗಂತೆ! ಇಳಿಯುವಾಗ ಅಜ್ಜಿ ಚಾಚಿದ ನೋಟನ್ನು ಅವನು ಮುಟ್ಟಲಿಲ್ಲ.

ನಿಮ್ಮಲ್ಲಿ ಯಾರಾದರೂ ಆ ಅಜ್ಜಿ ಬಗ್ಗೆ ಕೇಳಿದ್ದೀರಾ? ಕಾರು ಬರದ ದಿನ ಅವರು ಆಸ್ಪತ್ರೆಗೆ ಹೇಗೆ ಹೋಗ್ತಾರೆ ಅಂತ? ಕೇಳಿದ್ದರೆ ನಾನು ಖುಷಿಯಿಂದ ಗಂಟೆಗಟ್ಟಲೆ ಹೇಳುತ್ತಿದ್ದೆ. 2010ರ ಜನಗಣತಿಯಲ್ಲಿ ರಷ್ಯಾದ ಸುಮಾರು 1,53,000 ಹಳ್ಳಿಗಳ ಪೈಕಿ 19,000ಕ್ಕೂ ಜಾಸ್ತಿ ಹಳ್ಳಿಗಳಲ್ಲಿ ಒಬ್ಬರೂ ಇರಲಿಲ್ಲ. ಇನ್ನೆಷ್ಟೋ ಕಡೆ ಉಳಿದಿರೋದು ನಾಲ್ಕಾರು ಮುದುಕರು. ಅವರಿಗೋಸ್ಕರ ಯಾರು ಬಸ್ ಬಿಡುತ್ತಾರೆ? ಬ್ರೆಡ್ಡು, ಸಕ್ಕರೆ ವ್ಯಾನಿನಲ್ಲಿ ಬರುತ್ತದೆ. ಏಪ್ರಿಲ್‌ನಲ್ಲಿ ಹಿಮ ಕರಗಿ ಮಣ್ಣು ರಸ್ತೆಯೆಲ್ಲ ಕೆಸರಾದರೆ ಅದೂ ಬರೋದು ಕಷ್ಟ. ಆಗ ಯಾರಿಗೆ ಫೋನ್ ಮಾಡೋದು? ಇಂಥ ಲೋಗಾನ್‌ನವರಿಗೇ.

ನೀವು ಕೊಡೋ "ಫಾರಿನ್ ರೇಟ್" ಅಜ್ಜಿಯ ಫ್ರೀ ಸವಾರಿಯ ಪೆಟ್ರೋಲ್ ದುಡ್ಡು ಅಂದುಕೊಳ್ಳಿ. ಅಷ್ಟಾಗಿಯೂ ಚೌಕಾಸಿ ಮಾಡಲೇಬೇಕು ಅನ್ನಿಸಿದರೆ ಮಾಡಿ. ಕ್ಯಾಲ್ಕುಲೇಟರ್ ಅವನೇ ಕೊಡುತ್ತಾನೆ.